ಎಲ್ಲಕ್ಕೂ ಒಂದೇ ನೀಲಿ

ಕಳೆದ ತಿಂಗಳು ಲಿಂಗಸುಗೂರಿನ ಆಫೀಸಿನಲ್ಲಿ ನಿವೃತ್ತರಾದ ಮೇಡಂ ಒಬ್ಬರ ಬೀಳ್ಕೊಡುಗೆ ನಡೆಯಿತು. ಶಾಲು, ಹಾರ, ಹಣ್ಣಿನ ಬುಟ್ಟಿ, ಗೋಡೆ ಗಡಿಯಾರ ಯಾವುದಕ್ಕೂ ಕೊರತೆ ಇರಲಿಲ್ಲ. ಸಿಂಧನೂರಿನಲ್ಲಿ ನಮಗೆ ಮ್ಯಾನೇಜರ್ ಆಗಿದ್ದ ಸಾಹೇಬರು ಈಗ ಪ್ರಮೋಷನ್ ಪಡೆದು ದೊಡ್ಡ ಸಾಹೇಬರಾಗಿದ್ದಾರೆ. ಅವರೂ ಕಾರು ಮಾಡಿಕೊಂಡು ಬಂದಿದ್ದರು. ಮೈಕು ಹಿಡಿದು, "ಮೇಡಂ ಅವರು ನಮ್ಮ ಕಂಪನಿಯ ನಕ್ಷೆಗಳಿಗೆ ಬಣ್ಣ ತುಂಬಿದವರು" ಎಂದರು. ಜನ ಚಪ್ಪಾಳೆ ತಟ್ಟಿದರು.

ನಾನು ಹಿಂದಿನ ಸಾಲಿನಲ್ಲಿದ್ದೆ. ನನ್ನ ಕಿವಿ ಬಿಸಿಯಾದವು. ಬಣ್ಣದ ಮಾತನ್ನು ಆ ಬಾಯಿ ಆಡಬಾರದಿತ್ತು. ಆಡುವಾಗ ಆ ನಾಲಿಗೆ ಒಂದು ಸಲವಾದರೂ ತಡವರಿಸಬೇಕಿತ್ತು. ತಡವರಿಸಲಿಲ್ಲ. ಚಪ್ಪಾಳೆ ತಟ್ಟಿದವರಲ್ಲಿ ಅರ್ಧ ಜನಕ್ಕೆ ನಡೆದದ್ದು ಗೊತ್ತಿರಲಿಲ್ಲ, ಇನ್ನರ್ಧ ಜನಕ್ಕೆ ಗೊತ್ತಿತ್ತು. ಗೊತ್ತಿದ್ದೂ ತಟ್ಟಿದ ಕೈಗಳಲ್ಲಿ ನನ್ನವೂ ಇದ್ದವು. ಆ ಸಿಟ್ಟು ಇನ್ನೂ ಇಳಿದಿಲ್ಲವಾದ್ದರಿಂದ ಇದನ್ನು ಬರೆಯುತ್ತಿದ್ದೇನೆ.

ಆ ಮೇಡಂ ಅವರ ಹೆಸರು ಬರೆಯುವುದಿಲ್ಲ. ಲೈನ್‌ಮನ್‌ಗಳು ಅವರನ್ನು ನಕ್ಷಾ ಅಕ್ಕೋರು ಎನ್ನುತ್ತಿದ್ದರು. ನಾನೂ ಅಕ್ಕೋರು ಎಂದೇ ಕರೆಯುತ್ತಿದ್ದೆ. ನಮ್ಮದು ಕರೆಂಟಿನ ಲೈನು, ಕಂಬ, ಟಿಸಿ ಎನ್ನುವ ಟ್ರಾನ್ಸ್‌ಫಾರ್ಮರುಗಳ ರಿಪೇರಿ ಗುತ್ತಿಗೆ ಹಿಡಿದಿದ್ದ ಒಂದು ಖಾಸಗಿ ಕಂಪನಿ. ಸಿಂಧನೂರಿನಲ್ಲಿ ಆಫೀಸು. ಅಲ್ಲಿ ನಾನು ಟೈಪಿಂಗ್ ಗುಮಾಸ್ತ, ಅವರು ನಕ್ಷೆಗಾರ್ತಿ. ಯಾವ ಲೈನು ಎಲ್ಲಿಂದ ಹೊರಟು, ಯಾವ ಕಂಬ ದಾಟಿ, ಯಾವ ಟಿಸಿಗೆ ಮುಟ್ಟುತ್ತದೆ ಎಂಬುದನ್ನು ಕಂಪ್ಯೂಟರಿನಲ್ಲಿ ಚೌಕ, ದುಂಡು, ಗೆರೆಗಳಲ್ಲಿ ಬಿಡಿಸುವುದು ಅವರ ಕೆಲಸ. ಲೈನ್‌ಮನ್‌ಗಳು ಕಂಬ ಹತ್ತುವ ಮುಂಚೆ ನೋಡುತ್ತಿದ್ದದ್ದು ಆ ನಕ್ಷೆಯನ್ನು.

ಅವರ ಮನೆ ಮಸ್ಕಿಯಲ್ಲಿ. ದಿನಾ ಬೆಳಿಗ್ಗೆ ಬಸ್ಸಿನಲ್ಲಿ ಬಂದು ಸಂಜೆ ಬಸ್ಸಿನಲ್ಲಿ ಹೋಗುತ್ತಿದ್ದರು. ಅವರ ಮನೆಗೆ ನಾನು ಎರಡು ಸಲ ಹೋಗಿದ್ದೇನೆ. ಪಡಸಾಲೆಯಲ್ಲಿ ಬುದ್ಧನ ಫೋಟೋ, ಅದರ ಕೆಳಗೆ ಅವರು ಐಟಿಐನಲ್ಲಿ ಕಲಿಯುವಾಗ ಕೈಯಿಂದ ಬಿಡಿಸಿದ ಒಂದು ಗೇಟ್‌ವಾಲ್ವಿನ ಚಿತ್ರ, ಕಟ್ಟು ಹಾಕಿಸಿದ್ದು. ಆ ವರ್ಗದಲ್ಲಿ ಹುಡುಗಿ ಅವರೊಬ್ಬರೇ ಇದ್ದರಂತೆ. ಚಿತ್ರದ ಕೆಳಗೆ ಮಾಸ್ತರರು ಕೆಂಪು ಶಾಯಿಯಲ್ಲಿ 'ಸರಿ' ಎಂದಷ್ಟೇ ಬರೆದಿದ್ದರು. "ಅವ್ರು ಯಾರಿಗೂ ಸರಿ ಅಂತ ಬರೀತಿರ್ಲಿಲ್ಲ. ಬರೀ ತಪ್ಪಿಗೆ ಗೆರಿ ಎಳೀತಿದ್ರು" ಎಂದು ಅಕ್ಕೋರು ಹೇಳಿದಾಗ ಅವರ ಮುಖ ಆ ವರ್ಗದ ಹುಡುಗಿಯ ಮುಖವೇ ಆಗಿತ್ತು.

ಅವರಿಗೆ ಸಿಟ್ಟು ಬಂದರೆ ದನಿ ಏರುತ್ತಿರಲಿಲ್ಲ. ಕನ್ನಡಕ ತೆಗೆದು ಸೆರಗಿನಿಂದ ಒರೆಸುತ್ತಿದ್ದರು. ಎಷ್ಟು ಹೊತ್ತು ಒರೆಸುತ್ತಾರೋ ಅಷ್ಟು ಸಿಟ್ಟು ಎಂದು ನಾವು ಲೆಕ್ಕ ಹಾಕುತ್ತಿದ್ದೆವು.

ಮೇಜಿನ ಮುಂದೆ ಕುಳಿತು ನಕ್ಷೆ ಬಿಡಿಸುವವರಲ್ಲ ಅವರು. ಲೈನ್‌ಮನ್‌ಗಳ ಮೋಟಾರ್ ಸೈಕಲ್ಲಿನ ಹಿಂದೆ ಕುಳಿತು, ಒಂದು ಕೈಯಲ್ಲಿ ಛತ್ರಿ, ಇನ್ನೊಂದರಲ್ಲಿ ಉದ್ದನೆಯ ರಿಜಿಸ್ಟರು ಹಿಡಿದು ಜವಳಗೇರಾ, ಮುಕ್ಕುಂದ, ಸಾಲಗುಂದ ಎಲ್ಲ ಕಡೆ ಹೋಗುತ್ತಿದ್ದರು. ಭತ್ತದ ಗದ್ದೆಯ ಬದುವಿನ ಮೇಲೆ ಚಪ್ಪಲಿ ಕೈಯಲ್ಲಿ ಹಿಡಿದು ನಡೆದು, ಕಂಬದ ಬುಡದಲ್ಲಿ ನಿಂತು, ಹಣೆಗೆ ಕೈ ಅಡ್ಡ ಹಿಡಿದು ಮೇಲೆ ನೋಡುತ್ತಿದ್ದರು. ಮೋಟರು ಹಾಕಲು ಬಂದ ರೈತರನ್ನು ನಿಲ್ಲಿಸಿ, "ಇದಕ್ಕ ಕರೆಂಟ್ ಯಾವ ಕಡಿಂದ ಬರ್ತೈತ್ರಿ? ಬೇಸಿಗ್ಯಾಗೂ ಅದ ಕಡಿಂದನಾ?" ಎಂದು ಕೇಳುತ್ತಿದ್ದರು.

ಈ ಕೇಳುವಿಕೆಗೆ ಕಾರಣವಿತ್ತು. ನಾಟಿಯ ಹಂಗಾಮಿನಲ್ಲಿ ಒಂದು ಲೈನಿನ ಮೇಲೆ ಮೋಟರುಗಳ ಭಾರ ಹೆಚ್ಚಾದರೆ, ಕೆಲವು ಕಂಬಗಳಿಗೆ ಪಕ್ಕದ ಲೈನಿನಿಂದಲೂ ತಂತಿ ಜೋಡಿಸುತ್ತಾರೆ. ಅಂಥ ಕಂಬಕ್ಕೆ ಎರಡೂ ಕಡೆಯಿಂದ ಕರೆಂಟು. ಒಂದು ಲೈನು ಬಂದ್ ಮಾಡಿಸಿ, ಸತ್ತಿದೆ ಎಂದು ತಿಳಿದು ಹತ್ತಿದರೆ ಇನ್ನೊಂದು ಕಡೆಯಿಂದ ಜೀವ ಹಿಡಿದಿರುತ್ತದೆ. ನಕ್ಷೆಯಲ್ಲಿ ಅಕ್ಕೋರು ಆ ಕಂಬಗಳನ್ನು ಕೆಂಪು ಚೌಕ ಮಾಡಿ, ಅಂಚಿನ ಗೆರೆಯನ್ನು ದಪ್ಪ ಮಾಡುತ್ತಿದ್ದರು. ಸ್ವಿಚ್ಚು ಕೆಟ್ಟ ಕಂಬ ಹಳದಿ. ಒಂದೇ ಕಡೆಯ ಕರೆಂಟಿನದು ನೀಲಿ. ಬಣ್ಣಗಳ ಅರ್ಥ ಅಷ್ಟೇ. ಲೈನ್‌ಮನ್‌ಗಳಲ್ಲಿ ಓದು ಬಾರದವರಿಗೂ ಅದು ಗೊತ್ತಿತ್ತು.

ಒಮ್ಮೆ ಒಬ್ಬ ದೊಡ್ಡ ಜಮೀನುದಾರರು ತಮ್ಮ ಹೊಲದ ಕಂಬ ನಕ್ಷೆಯಲ್ಲಿ ಕೆಂಪಾಗಿದೆ ಎಂದು ತಕರಾರು ತೆಗೆದರು. ಪಕ್ಕದ ಲೈನಿನ ಜೋಡಣೆ ಅವರೇ ಮಾಡಿಸಿಕೊಂಡದ್ದು, ಅದು ಕಾಗದದ ಮೇಲೆ ಬರುವುದು ಅವರಿಗೆ ಬೇಕಿರಲಿಲ್ಲ. ನಾನೂ ಆ ದಿನ ಜೊತೆಗಿದ್ದೆ. ನಮಗೆಲ್ಲ ಸ್ಟೀಲಿನ ಲೋಟದಲ್ಲಿ ಚಹಾ ಬಂತು, ಅಕ್ಕೋರಿಗೆ ಮಾತ್ರ ಕಾಗದದ ಲೋಟದಲ್ಲಿ. ಅವರು ಅದನ್ನು ಮುಟ್ಟಲಿಲ್ಲ, ಚೀಲದಿಂದ ತಮ್ಮ ನೀರಿನ ಬಾಟಲಿ ತೆಗೆದು ಕುಡಿದರು.

"ನಮ್ಮ ಕಂಬ ನೀವ್ಯಾಕ ಕೆಂಪು ಮಾಡ್ತೀರಿ?" ಎಂದರು ಜಮೀನುದಾರರು.

"ಕರೆಂಟಿಗೆ ನಮ್ಮದು ನಿಮ್ಮದು ಅಂತ ಇಲ್ರಿ. ಹತ್ತಿದವನ ಮನಿ ಯಾವ ಓಣ್ಯಾಗ ಐತಿ ಅಂತ ಅದು ಕೇಳಂಗಿಲ್ಲ" ಎಂದರು ಅಕ್ಕೋರು. ಕಂಬ ಕೆಂಪಾಗಿಯೇ ಉಳಿಯಿತು. ಆ ಕಾಗದದ ಲೋಟದ ಬಗ್ಗೆ ನಮ್ಮಲ್ಲಿ ಯಾರೂ ಒಂದು ಮಾತೂ ಆಡಲಿಲ್ಲ. ಚಹಾ ಚೆನ್ನಾಗಿತ್ತು ಎಂದು ನಾನು ದಾರಿಯಲ್ಲಿ ಹೇಳಿದ್ದು ನೆನಪಿದೆ, ನೆನಪಾದಾಗಲೆಲ್ಲ ಮೈ ಉರಿಯುತ್ತದೆ.

ಕಂಪ್ಯೂಟರಿಗೆ ಅಂಜುವ ಹಳೇ ಕಾಲದವರು ಎಂದು ಅವರ ಬಗ್ಗೆ ಆಮೇಲೆ ಸಾಹೇಬರು ಹೇಳಿಕೊಂಡು ತಿರುಗಿದರು, ಅದು ಶುದ್ಧ ಸುಳ್ಳು. ಆ ತಂತ್ರಾಂಶದ ಮೂಲೆಮೂಲೆಯೂ ಅವರಿಗೆ ಗೊತ್ತಿತ್ತು. ನಕ್ಷೆಯ ಹೆಸರುಗಳೆಲ್ಲ ಮೊದಲು ಇಂಗ್ಲಿಷಿನಲ್ಲಿ, ಇರುವೆಯಷ್ಟು ಅಕ್ಷರದಲ್ಲಿದ್ದವು. ಅವನ್ನು ಕನ್ನಡಕ್ಕೆ ತಂದು ದೊಡ್ಡದು ಮಾಡುವ ಕೆಲಸಕ್ಕೆ ನನ್ನನ್ನು ಜೊತೆಗೆ ಹಾಕಿಕೊಂಡರು. ನಾನು ಒಂದೊಂದೇ ಡಬ್ಬಿ ಕ್ಲಿಕ್ ಮಾಡಿ ಅಕ್ಷರ ಹಿಗ್ಗಿಸುತ್ತ ಕುಳಿತಿದ್ದೆ. ಅವರು ನೋಡಿ ನಕ್ಕರು.

"ಹಿಂಗ ಮಾಡಿದ್ರ ಮುಂದಿನ ದೀಪಾವಳಿಗೆ ಮುಗೀತೈತಿ ತಮ್ಮಾ. ಸರಿ ಈ ಕಡಿ."

ಮೌಸು ಒತ್ತಿ ಹಿಡಿದು ಆಕೃತಿಗಳ ಸುತ್ತ ಒಂದು ದೊಡ್ಡ ಚೌಕ ಎಳೆದರು. ಅದರೊಳಗಿನವೆಲ್ಲ ಒಮ್ಮೆಗೇ ಆಯ್ಕೆಯಾದವು. ಶಿಫ್ಟ್ ಕೀಲಿ ಒತ್ತಿ ಹಿಡಿದು ಬೇಡವಾದ ಎರಡನ್ನು ಬಿಟ್ಟರು, ದೂರದ ಒಂದನ್ನು ಸೇರಿಸಿಕೊಂಡರು. ಆಮೇಲೆ ಅಕ್ಷರದ ಗಾತ್ರ ಒಂದೇ ಸಲ ಬದಲಿಸಿದರು. ನೂರಾರು ಹೆಸರುಗಳು ಕಣ್ಣೆದುರೇ ದೊಡ್ಡವಾದವು. ಹಾಗೆಯೇ ಬಣ್ಣ, ಗೆರೆಯ ದಪ್ಪ, ಬಾಣದ ಗುರುತು ಎಲ್ಲವನ್ನೂ ಒಟ್ಟಿಗೆ ಬದಲಿಸುವುದು ಹೇಗೆಂದು ತೋರಿಸಿದರು. ನನಗೆ ಮಾಟ ನೋಡಿದಂತಾಯಿತು.

"ಒಂದು ಮಾತು ನೆನಪಿಡು" ಎಂದರು. "ಆರಿಸಿದ ಮ್ಯಾಲ ಮೌಸಿನಿಂದ ಕೈ ಎತ್ತು. ಒಂದು ಉಸುರು ತಗೋ. ಯಾವ್ಯಾವು ಸಿಕ್ಕಾವ ಕಣ್ಣಿಲೆ ನೋಡು. ಅಕ್ಷರ ಎಲ್ಲಾವು ಕೂಡೇ ದೊಡ್ಡವು ಮಾಡು, ಯಾರೂ ಸಾಯಂಗಿಲ್ಲ. ಬಣ್ಣ ಮಾತ್ರ ನನ್ನ ಕೇಳಿ ಮಾಡು."

ತಮ್ಮ ಪಾಸ್‌ವರ್ಡನ್ನೂ ಆವತ್ತೇ ಕೊಟ್ಟರು. ನನ್ನ ಮೇಲೆ ಅಷ್ಟು ನಂಬಿಕೆ.

ನಾಲ್ಕು ವರ್ಷದ ಹಿಂದೆ ಹೈದರಾಬಾದಿನ ಹೆಡ್ಡಾಫೀಸಿನಿಂದ ದೊಡ್ಡವರು ಬರುತ್ತಾರೆಂದು ಸುದ್ದಿ ಬಂತು. ಮ್ಯಾನೇಜರ್ ಸಾಹೇಬರು ಆಫೀಸಿಗೆ ಸುಣ್ಣ ಹೊಡೆಸಿದರು, ಹೂವಿನ ಕುಂಡ ತರಿಸಿದರು. ಗೋಡೆಯ ಮೇಲಿನ ನಕ್ಷೆಯ ಮುಂದೆ ನಿಂತು ಮುಖ ಸಿಂಡರಿಸಿದರು.

"ಏನ್ರೀ ಇದು ಮೇಡಂ, ಹೋಳಿ ಹುಣ್ಣಿವಿ ಆಡಿದಂಗ ಐತಿ. ಎಲ್ಲಾ ಒಂದೇ ಬಣ್ಣ ಮಾಡ್ರಿ. ನಮ್ಮ ಕಂಪನಿ ಬಣ್ಣ ನೀಲಿ ಐತೆಲ್ಲ, ಅದ ಹಾಕ್ರಿ. ಗೆರಿನೂ ಎಲ್ಲಾ ಒಂದೇ ಸೈಜ್ ಇರಲಿ."

"ಬಣ್ಣ ಚಂದಕ್ಕ ಹಾಕಿಲ್ರಿ ಸಾಹೇಬ್ರ" ಎಂದರು ಅಕ್ಕೋರು. "ಕೆಂಪು ಇದ್ದಲ್ಲಿ ಎರಡೂ ಲೈನ್ ಬಂದ್ ಆಗಬೇಕು. ಅದು ಹೋದ್ರ ಹುಡುಗ್ರಿಗೆ ಗೊತ್ತಾಗಂಗಿಲ್ಲ."

"ಅವ್ರು ಹೋದ ಮ್ಯಾಲ ಮತ್ತ ಕೆಂಪು ಮಾಡಿಕೊಳ್ರಿ. ಎರಡು ಮಿನಿಟಿನ ಕೆಲಸ."

"ಮಾಡೋದು ಎರಡು ಮಿನಿಟಿನ ಕೆಲಸ ಖರೆ. ನಾ ಮಾಡಂಗಿಲ್ರಿ" ಎಂದು ಕನ್ನಡಕ ತೆಗೆದರು. ಬಹಳ ಹೊತ್ತು ಒರೆಸಿದರು.

ಮಾರನೆಯ ದಿನದಿಂದ ಅವರಿಗೆ ಎರಡು ದಿನ ರಜೆ, ತಂಗಿಯ ಮಗಳ ನಿಶ್ಚಿತಾರ್ಥ. ಸಾಹೇಬರು ಅದನ್ನೇ ಕಾಯುತ್ತಿದ್ದರು. ಬೆಳಿಗ್ಗೆ ನನ್ನನ್ನು ಕರೆದು, "ನಿನಗೂ ಬರ್ತೈತಂತಲ್ಲ? ಮಾಡು" ಎಂದರು. ನಾನು ಅಕ್ಕೋರನ್ನು ಕೇಳುತ್ತೇನೆ ಎನ್ನಲಿಲ್ಲ. ಫೋನು ಜೇಬಿನಲ್ಲೇ ಇತ್ತು. ಅವರ ಪಾಸ್‌ವರ್ಡಿನಿಂದಲೇ ಫೈಲು ತೆರೆದೆ, ಚೌಕ ಎಳೆದೆ, ಎಲ್ಲವನ್ನೂ ಆರಿಸಿದೆ. ಉಸಿರು ತೆಗೆದುಕೊಳ್ಳಲಿಲ್ಲ. ಎಲ್ಲಕ್ಕೂ ಒಂದೇ ನೀಲಿ, ಎಲ್ಲಕ್ಕೂ ಒಂದೇ ಗೆರೆ. ಹಳೆಯದರ ಮೇಲೆಯೇ ಉಳಿಸಿದೆ. ಸಾಹೇಬರು ಬೆನ್ನು ತಟ್ಟಿದರು. ನಿಜ ಹೇಳುತ್ತೇನೆ, ನನಗೆ ಹೆಮ್ಮೆಯಾಯಿತು. ಆ ಒಂದು ಗೋಡೆಗಷ್ಟೇ ಹಾಕಿದ್ದರೆ ಸಾಕಿತ್ತು. ಆದರೆ ಅವರು ಪ್ರಿಂಟುಗಳನ್ನು ಲ್ಯಾಮಿನೇಷನ್ ಮಾಡಿಸಿ ಎಲ್ಲ ಗ್ಯಾಂಗುಗಳಿಗೂ ಕಳಿಸಿ, ಹಳೆಯ ಬಣ್ಣದವನ್ನು ವಾಪಸ್ ತರಿಸಿದರು. ದೊಡ್ಡವರು ಯಾವ ಗ್ಯಾಂಗಿಗೆ ಹೋದರೂ ನಕ್ಷೆ ಚೆಂದ ಕಾಣಬೇಕಂತೆ.

ಅಕ್ಕೋರು ರಜೆ ಮುಗಿಸಿ ಬಂದವರು ಗೋಡೆ ನೋಡಿ ನಿಂತುಬಿಟ್ಟರು. ಚೀಲ ಹೆಗಲಲ್ಲೇ ಇತ್ತು.

"ಹಳೇ ಫೈಲ್ ಬ್ಯಾರೆ ಇಟ್ಟಿ ಏನು?"

"ಇಲ್ರಿ ಅಕ್ಕೋರ. ಅದರ ಮ್ಯಾಲೇ..."

ಅವರು ಬೈಯಲಿಲ್ಲ. ಕಪಾಟಿನಿಂದ ರಿಜಿಸ್ಟರು ತೆಗೆದು, ಒಂದೊಂದು ಕಂಬವನ್ನೂ ಹುಡುಕಿ ಮತ್ತೆ ಕೆಂಪು ಮಾಡತೊಡಗಿದರು. ಮಾಡುತ್ತಲೇ ಗ್ಯಾಂಗುಗಳಿಗೆ ಫೋನು ಹಚ್ಚಿದರು. "ಹೊಸಾ ನಕ್ಷಾ ನೋಡಬ್ಯಾಡ್ರಿ, ನನ್ನ ಕೇಳಿ ಹತ್ರಿ" ಎಂದು ಒಬ್ಬೊಬ್ಬರಿಗೂ ಹೇಳಿದರು. ಜವಳಗೇರಾ ಕಡೆಯ ಗ್ಯಾಂಗಿನ ಸೂಪರ್‌ವೈಸರ್ ಮಾತ್ರ, "ಸಾಹೇಬ್ರ ಕಡಿಂದ ಬರೆಸಿ ಕೊಡ್ರಿ ಮೇಡಂ, ನಿಮ್ಮ ಮಾತಿಗೆ ನಾ ಈ ನಕ್ಷಾ ಹೆಂಗ ತೆಗೀಲಿ?" ಎಂದ. ಅಕ್ಕೋರು ಸಾಹೇಬರ ಕೋಣೆಗೆ ಹೋದರು. ಬಾಗಿಲು ತೆರೆದೇ ಇತ್ತು, ನನಗೆ ಎಲ್ಲ ಕೇಳಿಸಿತು.

"ಒಂದು ಸಾಲು ಬರೆದು ಕೊಡ್ರಿ ಸಾಹೇಬ್ರ. ಬರೇ ಒಂದು ಸಾಲು."

"ನಾಳಿ ಅವ್ರು ಬರ್ತಾರ್ರಿ. ನಾಡಿದ್ದು ನೋಡೋಣಂತ."

ನಾಡಿದ್ದು ಬರಲಿಲ್ಲ. ಮಾರನೆಯ ದಿನ ಬೆಳಿಗ್ಗೆ ಮುಕ್ಕುಂದದ ಹತ್ತಿರ, ಬೇರೆ ಊರಿನಿಂದ ಆ ಜವಳಗೇರಾ ಗ್ಯಾಂಗಿಗೆ ಹೊಸದಾಗಿ ಬಂದಿದ್ದ ಲೈನ್‌ಮನ್ ಒಬ್ಬ ಕಂಬ ಹತ್ತಿದ. ನಕ್ಷೆಯಲ್ಲಿ ಕಂಬ ನೀಲಿ. ನೀಲಿ ಎಂದರೆ ಒಂದೇ ಲೈನು ಎಂದು ತಿಳಿದು ಒಂದನ್ನೇ ಬಂದ್ ಮಾಡಿಸಿದ್ದ. ಇನ್ನೊಂದು ಕಡೆಯ ಕರೆಂಟು ಅವನನ್ನು ಹಿಡಿದು ಗದ್ದೆಗೆ ಎಸೆಯಿತು. ಕೆಸರಿನಲ್ಲಿ ಬಿದ್ದದ್ದರಿಂದ ಜೀವ ಉಳಿಯಿತು. ಬಲಗೈಯನ್ನು ಮೊಣಕೈವರೆಗೆ ತೆಗೆಯಬೇಕಾಯಿತು.

ಅದೇ ದಿನ ಮಧ್ಯಾಹ್ನ ಹೆಡ್ಡಾಫೀಸಿನವರು ಬಂದರು. ಎಳನೀರು ಕುಡಿದರು, ಫೋಟೋ ತೆಗೆಸಿಕೊಂಡರು, ಅರ್ಧ ಗಂಟೆಯಲ್ಲಿ ಹೋದರು. ಗೋಡೆಯ ಕಡೆಗೆ ಒಬ್ಬರೂ ತಿರುಗಿ ನೋಡಲಿಲ್ಲ. ಯಾರ ಕಣ್ಣಿಗೆ ಚೆಂದ ಕಾಣಲೆಂದು ಒಬ್ಬನ ಕೈ ಹೋಯಿತೋ ಅವರಿಗೆ ಅಲ್ಲೊಂದು ನಕ್ಷೆ ಇದೆ ಎಂಬುದೂ ತಿಳಿಯಲಿಲ್ಲ.

ಆಮೇಲೆ ಕಂಪನಿಯ ವಿಚಾರಣೆ. ಅಕ್ಕೋರು ಅಳಲಿಲ್ಲ, ಯಾರ ಮೇಲೂ ಕೂಗಾಡಲಿಲ್ಲ. ನಡೆದದ್ದನ್ನು ನಡೆದ ಹಾಗೆ ಹೇಳಿದರು. ಮಾಡಿದವನು ಇವನು, ಮಾಡಿಸಿದವರು ಅವರು, ನಾನು ಬೇಡವೆಂದಿದ್ದೆ, ಆ ದಿನ ನಾನು ರಜೆಯಲ್ಲಿದ್ದೆ ಎಂದರು. ವಿಚಾರಣೆಗೆ ಬಂದವರು, "ಸಾಹೇಬರು ಹೇಳಿದ್ದಕ್ಕೆ ಲಿಖಿತ ಆದೇಶ ಇದೆಯೇ?" ಎಂದರು.

"ಬಾಯಿಲೆ ಹೇಳಿದ್ದಕ್ಕ ಕಾಗದ ಎಲ್ಲಿಂದ ತರ್ಲಿ ರೀ? ಫೈಲ್ ಬದಲಾದ ದಿನ, ಹೊತ್ತು ಕಂಪ್ಯೂಟರ್ ಒಳಗ ಐತಿ. ನನ್ನ ರಜಾ ಚೀಟಿ ನಿಮ್ಮ ಕಡೇನ ಐತಿ. ಎರಡೂ ಬಾಜೂ ಬಾಜೂ ಇಟ್ಟು ನೋಡ್ರಿ."

ನೋಡಲಿಲ್ಲ. ಪಾಸ್‌ವರ್ಡ್ ಬೇರೆಯವರಿಗೆ ಕೊಟ್ಟದ್ದೇ ನಿಮ್ಮ ತಪ್ಪು ಎಂದರು. ನನ್ನ ಸರದಿಗೆ ಮುಂಚೆ ಸಾಹೇಬರು ನನ್ನನ್ನು ಪಕ್ಕಕ್ಕೆ ಕರೆದು ಟೈಪಾದ ಒಂದು ಹಾಳೆ ಕೊಟ್ಟರು. "ನಿನ್ನ ಹೆಸರೂ ಬರಂಗಿಲ್ಲ, ನನ್ನ ಹೆಸರೂ ಬರಂಗಿಲ್ಲ. ಸಹಿ ಹಾಕು." ನಕ್ಷೆಯ ಬಣ್ಣ ಬದಲಾದ ಬಗ್ಗೆ ನನಗೆ ತಿಳಿದಿಲ್ಲ ಎಂದು ಅದರಲ್ಲಿತ್ತು. ನನ್ನ ಕೆಲಸ ಇನ್ನೂ ಕಾಯಂ ಆಗಿರಲಿಲ್ಲ, ಹೆಂಡತಿ ಬಾಣಂತಿ. ಹಾಕಿದೆ. ಈ ಕಾರಣಗಳನ್ನು ನಾನು ಎಷ್ಟು ಸಲ ಹೇಳಿಕೊಂಡಿದ್ದೇನೆಂದರೆ ಈಗ ಅವು ನನಗೇ ಅಸಹ್ಯ ಹುಟ್ಟಿಸುತ್ತವೆ.

ವರದಿ ನಾನೇ ಟೈಪ್ ಮಾಡಬೇಕಾಯಿತು. 'ಬಣ್ಣ ಬದಲಾಗಿರುವುದು ಕಂಡುಬಂದಿದೆ' ಎಂದಿತ್ತು. ಬದಲಾಯಿಸಿದವರು ಇಲ್ಲ, ಬದಲಾಗಿದೆ. ಕಂಡವರು ಇಲ್ಲ, ಕಂಡುಬಂದಿದೆ. ಮಳೆ ಬಿದ್ದ ಹಾಗೆ, ಎಲೆ ಉದುರಿದ ಹಾಗೆ ಇನ್ನೂರು ಚೌಕಗಳು ತಾವಾಗಿಯೇ ನೀಲಿಯಾದವಂತೆ. ಹೆಸರು ಬಂದದ್ದು ಇಬ್ಬರದು ಮಾತ್ರ. ನಕ್ಷೆಯ ಹೊಣೆ ನಕ್ಷೆಗಾರ್ತಿಯದು, ಮತ್ತು ಕಾರ್ಮಿಕನು ಸ್ವಂತ ನಿರ್ಲಕ್ಷ್ಯದಿಂದ ಗಾಯಗೊಂಡಿದ್ದಾನೆ. ಗದ್ದೆಯಲ್ಲಿ ಬಿದ್ದವನೇ ನಿರ್ಲಕ್ಷ್ಯ ಮಾಡಿದವನು. ಆ ವಾಕ್ಯವನ್ನು ಈ ಬೆರಳುಗಳೇ ಒತ್ತಿದವು.

ಅಕ್ಕೋರನ್ನು ಲಿಂಗಸುಗೂರಿಗೆ ಹಾಕಿದರು. ಅಲ್ಲಿ ಅವರಿಗೆ ಕಂಪ್ಯೂಟರ್ ಕೊಡಲಿಲ್ಲ, ಗೋದಾಮಿನ ಸಾಮಾನು ಬರೆದಿಡುವ ಕೆಲಸ ಕೊಟ್ಟರು. ಮೂವತ್ತು ವರ್ಷ ಗೆರೆ ಎಳೆದ ಕೈ ನಟ್ಟು ಬೋಲ್ಟು ಎಣಿಸಿತು. ಆದರೂ ಭಾನುವಾರ ತಮ್ಮ ದುಡ್ಡಿನಲ್ಲಿ ಬಸ್ಸು ಹತ್ತಿ ಗ್ಯಾಂಗುಗಳಿಗೆ ಹೋಗಿ, ಲ್ಯಾಮಿನೇಷನ್ ಮೇಲೆ ಕೆಂಪು ಪೇಂಟಿನಿಂದ ಕಂಬಗಳನ್ನು ಗುರುತು ಮಾಡಿ ಬರುತ್ತಿದ್ದರೆಂದು ಲೈನ್‌ಮನ್‌ಗಳು ಹೇಳುತ್ತಿದ್ದರು. ಸಿಂಧನೂರಿಗೆ ಬಂದರೂ ನಮ್ಮ ಆಫೀಸಿನ ಮೆಟ್ಟಿಲು ಹತ್ತುತ್ತಿರಲಿಲ್ಲ.

ಬೀಳ್ಕೊಡುಗೆಯ ದಿನ ಮಾತಾಡಲು ಅವರನ್ನು ಕರೆದರು. ಮೈಕನ್ನು ಸ್ವಲ್ಪ ಕೆಳಗೆ ಇಳಿಸಿಕೊಂಡರು.

"ನನಗ ಭಾಷಣ ಬರಂಗಿಲ್ಲ. ನನ್ನ ನಕ್ಷಾದಾಗ ಇನ್ನೂ ಹದಿನಾಲ್ಕು ಕಂಬ ನೋಡೋದು ಉಳದೈತಿ. ಯಾರರೆ ನೋಡ್ರಿ" ಎಂದು ಕುಳಿತರು. ದೊಡ್ಡ ಸಾಹೇಬರು ನಕ್ಕು ಚಪ್ಪಾಳೆ ತಟ್ಟಿದರು.

ಆಮೇಲೆ ಬಸ್‌ಸ್ಟ್ಯಾಂಡಿನಲ್ಲಿ ಅವರ ಗಡಿಯಾರದ ಡಬ್ಬಿ ಹಿಡಿದು ನಾನು ಪಕ್ಕದಲ್ಲಿ ನಿಂತೆ. ನಾಲ್ಕು ವರ್ಷದಲ್ಲಿ ನಾವಿಬ್ಬರೇ ಇದ್ದದ್ದು ಅದೇ ಮೊದಲು.

"ಅಕ್ಕೋರ, ನಾ ಎಲ್ಲಾ ಬರೆದು ಕೊಡ್ತೀನ್ರಿ. ನಾನ ಮಾಡಿದೆ ಅಂತ, ಅವ್ರು ಮಾಡಿಸಿದ್ರು ಅಂತ."

"ಈಗ್ಯಾಕ? ನಂದು ನೌಕ್ರಿ ಮುಗೀತು."

ಮಸ್ಕಿಯ ಬಸ್ಸು ಬಂತು. ಡಬ್ಬಿ ಇಸಕೊಂಡು ಮೆಟ್ಟಿಲು ಹತ್ತಿ, ತಿರುಗಿ ಹೇಳಿದರು: "ಬರಿ. ಆದ್ರ ನನ್ನ ಸಲುವಾಗಿ ಬರೀಬ್ಯಾಡ. ಆ ಹುಡುಗನ ಕಾಗದದಾಗ ನಿರ್ಲಕ್ಷ್ಯ ಅಂತ ಇನ್ನೂ ಐತಿ. ಅದು ಹೋಗಬೇಕು."

ಬರೆದೆ. ಹೆಡ್ಡಾಫೀಸಿಗೆ ರಿಜಿಸ್ಟರ್ಡ್ ಅಂಚೆಯಲ್ಲಿ ಕಳಿಸಿದೆ. ಎರಡು ವಾರದಲ್ಲಿ ನನಗೆ ನೋಟಿಸು ಬಂತು: ಸುಳ್ಳು ಹೇಳಿಕೆಗೆ ಸಹಿ ಮಾಡಿದ್ದಕ್ಕೆ ಯಾಕೆ ಕ್ರಮ ಕೈಗೊಳ್ಳಬಾರದು? ದೊಡ್ಡ ಸಾಹೇಬರಿಗೆ ಏನೂ ಬಂದ ಸುದ್ದಿಯಿಲ್ಲ. ಲೈನ್‌ಮನ್ನನ ಕಡತವನ್ನು ಮತ್ತೆ ತೆರೆದಿದ್ದಾರೆ ಎನ್ನುತ್ತಾರೆ. ಅಷ್ಟಾದರೂ ಆಗಿದೆ.

ಕಾಗದಕ್ಕೆ ಹೇಳಿದ್ದಾಯಿತು, ಮನುಷ್ಯನಿಗೆ ಹೇಳಿರಲಿಲ್ಲ. ಕಳೆದ ಭಾನುವಾರ ಸಾಲಗುಂದಕ್ಕೆ ಹೋದೆ. ಕೈ ಕಳೆದುಕೊಂಡ ಆ ಲೈನ್‌ಮನ್ ಈಗ ಅಲ್ಲಿ ಒಂದು ಅಕ್ಕಿ ಗಿರಣಿಯ ಗೇಟಿನಲ್ಲಿ ಕಾವಲು ಇದ್ದಾರೆ. ಮನೆಯ ಕಟ್ಟೆಯ ಮೇಲೆ ಕುಳಿತಿದ್ದರು. ನಾನು ನಿಂತೇ ಹೇಳಿದೆ. ಆ ನೀಲಿ ಬಣ್ಣ ಹಾಕಿದವನು ನಾನು ಎಂದೆ. ವಿಚಾರಣೆಯಲ್ಲಿ ಸುಳ್ಳು ಹೇಳಿದೆ ಎಂದೆ.

ಅವರು ಎಡಗೈಯಿಂದ ಹೆಗಲ ಟವೆಲು ತೆಗೆದು ಮುಖ ಒರೆಸಿಕೊಂಡರು.

"ಗೊತ್ತೈತ್ರಿ" ಎಂದರು. "ದವಾಖಾನ್ಯಾಗ ಇದ್ದಾಗಲೇ ಅಕ್ಕೋರು ಹೇಳಿದ್ರು."

"ಮತ್ತ ನನ್ನ ಯಾಕ ಕೇಳಲಿಲ್ರಿ?"

"ಕೇಳಾಕ ಹೊಂಟಿದ್ದೆ. ಅವ್ರ ಬ್ಯಾಡ ಅಂದ್ರು. ಅವ ಕೆಟ್ಟವ ಅಲ್ಲ, ಅಂಜುಬುರುಕ ಅದಾನ, ಸ್ವಲ್ಪ ದಿನ ತಡಿ, ತಾನ ಬಂದು ಹೇಳ್ತಾನ ಅಂದಿದ್ರು."

ಅವರ ಹೆಂಡತಿ ಬಾಗಿಲಲ್ಲಿ ಬಂದು ನಿಂತು ಎಲ್ಲ ಕೇಳಿಸಿಕೊಂಡಿದ್ದರು. ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು.

"ಸ್ವಲ್ಪ ದಿನ ಅಂದ್ರ ನಾಕು ವರ್ಷ ಏನ್ರಿ?" ಎಂದು ಕೇಳಿ ಒಳಗೆ ಹೋದರು.